ಹೆಜ್ಜೆಗೆ ಅಪ್ಪಣೆ ಮಿದುಳಿನದು, ಫಲವೂ ಮಿದುಳಿಗೇ

ನಡೆಯುವುದು ಕಾಲಿನ ಕೆಲಸ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಏಳಬೇಕೆ, ಕುಳಿತೇ ಇರಬೇಕೆ ಎಂಬುದು ತೀರ್ಮಾನವಾಗುವುದು ಮಿದುಳಿನಲ್ಲಿ. ಎದ್ದು ನಡೆದರೆ ಅದರ ಲಾಭದಲ್ಲಿ ದೊಡ್ಡ ಪಾಲು ಸಲ್ಲುವುದೂ ಮಿದುಳಿಗೇ.

ನಿಯಂತ್ರಣ ಹೇಗೆ?
ಸ್ನಾಯುಗಳಿಗೆ ಆಜ್ಞೆ ಹೊರಡುವುದು ಮಿದುಳಿನ ಹೊರಪದರದಿಂದ. ಚಲನೆಯ ಹದ ಮತ್ತು ಸಮತೋಲನವನ್ನು ಕಿರುಮಿದುಳು ನೋಡಿಕೊಳ್ಳುತ್ತದೆ. ಚಲನೆಯನ್ನು ಆರಂಭಿಸುವಲ್ಲಿ ಹಾಗೂ ಅದಕ್ಕೆ ಬೇಕಾದ ಹುರುಪು ಮೂಡಿಸುವಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ಪ್ರಮುಖ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಇದನ್ನು ಉತ್ಪಾದಿಸುವ ಕೋಶಗಳು ನಶಿಸುವುದರಿಂದ, ಸ್ನಾಯುಗಳಲ್ಲಿ ಬಲವಿದ್ದರೂ ಹೆಜ್ಜೆ ಎತ್ತುವುದೇ ಕಷ್ಟವಾಗುತ್ತದೆ.

ಈ ಹುರುಪಿನಲ್ಲಿ ವಂಶವಾಹಿಗಳ ಪಾಲೂ ಇದೆ. ಅಮೆರಿಕದ ವಿಜ್ಞಾನಿ ಥಿಯೊಡೋರ್ ಗಾರ್ಲಂಡ್ 1993ರಲ್ಲಿ, ಚಕ್ರದ ಮೇಲೆ ಹೆಚ್ಚು ಓಡುವ ಇಲಿಗಳನ್ನೇ ಆರಿಸಿ ತಳಿ ಬೆಳೆಸಲಾರಂಭಿಸಿದರು. ಹಲವು ತಲೆಮಾರುಗಳ ಬಳಿಕ ಅವು ಸಾಮಾನ್ಯ ಇಲಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಓಡತೊಡಗಿದವು. ಹಾಗಾಗಿ ಆಲಸ್ಯವನ್ನು ಬರೀ ಸ್ವಭಾವದೋಷ ಎನ್ನಲಾಗದು.

ನೆನಪಿನ ಮೇಲೆ ಪರಿಣಾಮ
ಹೊಸ ನೆನಪುಗಳು ರೂಪುಗೊಳ್ಳಲು ಅಗತ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ವಯಸ್ಸಾದಂತೆ ಕುಗ್ಗುತ್ತದೆ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ವರ್ಷ ಕಾಲ ವಾರಕ್ಕೆ ಮೂರು ದಿನ ವೇಗದ ನಡಿಗೆ ಕೈಗೊಂಡವರಲ್ಲಿ ಈ ಭಾಗ ಶೇ 2ರಷ್ಟು ಹಿಗ್ಗಿತ್ತು. ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಸುಮಾರು ಶೇ 1.4ರಷ್ಟು ಕುಗ್ಗಿತ್ತು. ಮುಂದಿನ ಎಲ್ಲ ಅಧ್ಯಯನಗಳಲ್ಲೂ ಇಂಥ ಹಿಗ್ಗುವಿಕೆ ಕಂಡುಬಂದಿಲ್ಲ; ಕುಗ್ಗುವಿಕೆಯನ್ನು ತಡೆಯುವುದೇ ವ್ಯಾಯಾಮದ ಮುಖ್ಯ ಪ್ರಯೋಜನವಿರಬಹುದು ಎಂಬ ಅಭಿಪ್ರಾಯವೂ ಇದೆ.

ಮರೆವಿನ ಕಾಯಿಲೆ ಕುರಿತ ಲ್ಯಾನ್ಸೆಟ್ ಆಯೋಗವು 2024ರಲ್ಲಿ ಪಟ್ಟಿ ಮಾಡಿದ, ತಿದ್ದಿಕೊಳ್ಳಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ದೈಹಿಕ ನಿಷ್ಕ್ರಿಯತೆಯೂ ಒಂದು.

ಎಷ್ಟು ಬೇಕು?
ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಆಗಬೇಕೆಂಬ ಹಳೆಯ ಷರತ್ತನ್ನು ಅದು ಕೈಬಿಟ್ಟಿದೆ. ಅಂಗಡಿಗೆ ನಡೆದು ಹೋಗುವುದೂ ಲೆಕ್ಕಕ್ಕೆ ಬರುತ್ತದೆ. ಹೃದಯದ ತೊಂದರೆ ಅಥವಾ ಮಂಡಿನೋವು ಇರುವವರು ವೈದ್ಯರನ್ನು ಕೇಳಿ ಆರಂಭಿಸುವುದು ಲೇಸು.

‘ವಯಸ್ಸಾಯಿತು, ಸುಮ್ಮನೆ ಕೂತಿರಿ’ ಎಂದು ಹಿರಿಯರಿಗೆ ಹೇಳುವುದು ಅಕ್ಕರೆಯಿಂದಲೇ. ಆದರೆ ಹುರುಪು ತಾನಾಗಿ ಮೂಡದ ಆ ವಯಸ್ಸಿನಲ್ಲಿ ಅವರಿಗೆ ಬೇಕಿರುವುದು ಕುರ್ಚಿಗಿಂತ ಹೆಚ್ಚಾಗಿ, ಜೊತೆಗೆ ನಡೆಯುವ ಒಬ್ಬರು.