ಕ್ಯಾನ್‌ಡಂಪ್: ಕಾರಿನೊಳಗಿನ ಮಾತು ಕೇಳಿಸಿಕೊಂಡ ಕಥೆ

ಕಾರಿನ ಬ್ರೇಕ್ ಒತ್ತಿದರೆ ಹಿಂದುಗಡೆ ಕೆಂಪು ದೀಪ ಹತ್ತುತ್ತೆ. ಅದರಲ್ಲೇನು ವಿಶೇಷ ಅಂತೀರಾ? ಮೊದಲು ವಿಶೇಷವೇನೂ ಇರಲಿಲ್ಲ. ಪೆಡಲ್ ಹತ್ತಿರ ಒಂದು ಸ್ವಿಚ್ಚು, ಅಲ್ಲಿಂದ ದೀಪದ ತನಕ ಒಂದು ವೈರು, ಅಷ್ಟೇ. ಈಗಿನ ಎಷ್ಟೋ ಕಾರುಗಳಲ್ಲಿ "ಬ್ರೇಕ್ ಒತ್ತಿದ್ದಾರೆ" ಅನ್ನೋ ಸುದ್ದಿ ಒಂದಕ್ಕೊಂದು ಹೆಣೆದ ಎರಡು ವೈರುಗಳ ಮೇಲೆ ಸಂದೇಶವಾಗಿ ಹೋಗುತ್ತೆ. ಎಂಜಿನ್, ಗೇರ್‌ಬಾಕ್ಸ್, ಎಬಿಎಸ್, ಸ್ಪೀಡೋಮೀಟರ್ ಇವುಗಳ ಕಂಪ್ಯೂಟರುಗಳು ಇಂಥ ಜೋಡಿ ವೈರಿಗೆ ಜೋತುಬಿದ್ದಿರುತ್ತವೆ. ಇದೇ ಕ್ಯಾನ್ ಬಸ್. ಲಿನಕ್ಸ್ ಲ್ಯಾಪ್‌ಟಾಪಿಗೆ ಒಂದು ಸಣ್ಣ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ, ಟರ್ಮಿನಲ್ಲಿನಲ್ಲಿ ಕ್ಯಾನ್‌ಡಂಪ್ ಅನ್ನೋ ಕಮ್ಯಾಂಡ್ ಕೊಟ್ಟರೆ ಆ ಮಾತುಕತೆ ಸಾಲುಸಾಲಾಗಿ ಪರದೆ ಮೇಲೆ ಹರಿಯುತ್ತೆ. ಇದು ಇಷ್ಟು ಸುಲಭವಾಗಿದ್ದು ಹೇಗೆ?

ಕಥೆ ಶುರುವಾಗೋದು 1983ರಲ್ಲಿ, ಜರ್ಮನಿಯ ಬಾಷ್ ಕಂಪನಿಯಲ್ಲಿ. (ನಮ್ಮ ಬೆಂಗಳೂರಿನ ಮೈಕೋ ಇದೇ ಬಳಗದ್ದು. 2008ರಲ್ಲಿ ಅದರ ಹೆಸರೂ ಬಾಷ್ ಅಂತಲೇ ಆಯಿತು, ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟಾಗೇ ಉಳಿಯಿತು!) ಕಾರಿನಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಹೆಚ್ಚುತ್ತಾ ಇದ್ದವು. ಒಂದೊಂದು ಸಿಗ್ನಲ್ಲಿಗೂ ಒಂದೊಂದು ವೈರು ಎಳೆಯುತ್ತಾ ಹೋದರೆ ತೂಕವೂ ಜಾಸ್ತಿ, ಖರ್ಚೂ ಜಾಸ್ತಿ. ಊವೆ ಕೀಂಕೆ ಮತ್ತು ಜೊತೆಗಾರರು ಕಂಡುಕೊಂಡ ಪರಿಹಾರವನ್ನು 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದ ವಾಹನ ಎಂಜಿನಿಯರುಗಳ ಸಮ್ಮೇಳನದಲ್ಲಿ ಮುಂದಿಟ್ಟರು. 1987ರಲ್ಲಿ ಇಂಟೆಲ್ ಮೊದಲ ಚಿಪ್ ತಂದಿತು. 1991ರ ಮರ್ಸಿಡಿಸ್ ಎಸ್-ಕ್ಲಾಸ್ ಕ್ಯಾನ್ ಹೊತ್ತ ಮೊದಮೊದಲ ಕಾರುಗಳಲ್ಲಿ ಒಂದು. 1993ರಲ್ಲಿ ಇದು ಐಎಸ್ಒ 11898 ಅನ್ನೋ ಅಂತಾರಾಷ್ಟ್ರೀಯ ಮಾನದಂಡವಾಯಿತು.

ಇದರ ಕೆಲಸ ಊರಿನ ಅರಳಿಕಟ್ಟೆ ಇದ್ದ ಹಾಗೆ. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತೆ, ಬೇಕಾದವರು ತಲೆಗೆ ಹಾಕಿಕೊಳ್ತಾರೆ. ಸಂದೇಶದಲ್ಲಿ ಒಂದು ಐಡಿ ಸಂಖ್ಯೆ, ಹೆಚ್ಚೆಂದರೆ 8 ಬೈಟ್ ಮಾಹಿತಿ, ತಪ್ಪು ಹಿಡಿಯೋಕೆ ಒಂದು ಲೆಕ್ಕ ಇರುತ್ತೆ. ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಚಿಕ್ಕ ಐಡಿಯದ್ದೇ ಗೆಲುವು, ಇನ್ನೊಬ್ಬರು ತಾವಾಗಿಯೇ ಸುಮ್ಮನಾಗಿ ಆಮೇಲೆ ಹೇಳ್ತಾರೆ. ಆದರೆ ಒಂದು ವಿಷಯ ಗಮನಿಸಿ: "ಇದನ್ನ ಹೇಳ್ತಿರೋದು ಯಾರು" ಅನ್ನೋದಕ್ಕೆ ಸಂದೇಶದಲ್ಲಿ ಜಾಗವೇ ಇಲ್ಲ. ಹೀಗಿದ್ದರೆ ಹೊಸ ಪೆಟ್ಟಿಗೆ ಸೇರಿಸೋದು ಸುಲಭ. ಅವತ್ತಿನ ಎಂಜಿನಿಯರುಗಳಿಗೆ ಶತ್ರು ಅಂದರೆ ಎಂಜಿನ್ನಿನ ಕಿಡಿಯಿಂದ ಹುಟ್ಟೋ ವಿದ್ಯುತ್ ಗದ್ದಲ. ಮೊಬೈಲ್ ನೆಟ್‌ವರ್ಕಿಗೆ ಅಂಟಿಕೊಂಡ ಕಾರು ಅವರ ಮುಂದೆ ಇರಲೇ ಇಲ್ಲ.

ಈ ಮಾತುಕತೆ ಕೇಳಬೇಕು ಅಂದರೆ ಒಂದು ಕಾಲದಲ್ಲಿ ದುಬಾರಿ ಉಪಕರಣ ಬೇಕಿತ್ತು. ಒಂದೊಂದು ಕಂಪನಿಯ ಕಾರ್ಡಿಗೆ ಒಂದೊಂದು ಡ್ರೈವರ್, ಪ್ರೋಗ್ರಾಮ್ ಬರೆಯೋ ರೀತಿಯೂ ಬೇರೆ ಬೇರೆ. ಫೋಕ್ಸ್‌ವ್ಯಾಗನ್ನಿನ ಸಂಶೋಧನಾ ವಿಭಾಗದ ಎಂಜಿನಿಯರುಗಳು ಇನ್ನೊಂದು ದಾರಿ ಹಿಡಿದರು. ಕ್ಯಾನ್ ಕಾರ್ಡನ್ನೂ ಈಥರ್ನೆಟ್ ಥರ ಒಂದು ನೆಟ್‌ವರ್ಕ್ ಅಂತಲೇ ಯಾಕೆ ನೋಡಬಾರದು? ಹಾಗೆ ಹುಟ್ಟಿದ್ದು ಸಾಕೆಟ್‌ಕ್ಯಾನ್. 2008ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 2.6.25 ಕರ್ನಲ್ಲಿನಲ್ಲೇ ಅದು ಸೇರಿಕೊಂಡಿತು. ಕ್ಯಾನ್‌ಡಂಪ್, ಕ್ಯಾನ್‌ಸೆಂಡ್, ಕ್ಯಾನ್‌ಸ್ನಿಫರ್, ಕ್ಯಾನ್‌ಪ್ಲೇಯರ್ ಇವೆಲ್ಲ ಅದರ ಜೊತೆಗಿನ ಸಲಕರಣೆಗಳು, ಎಲ್ಲವೂ ಮುಕ್ತ ತಂತ್ರಾಂಶ.

ಕ್ಯಾನ್‌ಡಂಪ್ ತೋರಿಸೋದು ಬರೀ ಸಂಖ್ಯೆ. ಯಾವ ಐಡಿಗೆ ಏನರ್ಥ ಅಂತ ಕಂಪನಿಗಳು ಸಾಮಾನ್ಯವಾಗಿ ಹೊರಗೆ ಹೇಳೋದಿಲ್ಲ. ಅಲ್ಲಿ ಕೈಹಿಡಿಯೋದು ಕ್ಯಾನ್‌ಸ್ನಿಫರ್. ಒಂದು ಐಡಿಗೆ ಒಂದೇ ಸಾಲು ಇಟ್ಟು, ಬದಲಾದ ಬೈಟಿಗೆ ಬಣ್ಣ ಹಚ್ಚಿ ತೋರಿಸುತ್ತೆ. ನಿಂತ ಕಾರಿನಲ್ಲಿ ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಯಾವ ಬೈಟ್ ತಾಳ ಹಾಕುತ್ತೆ ಅಂತ ನೋಡಿದರಾಯ್ತು. ದಾಖಲಿಸಿಕೊಂಡಿದ್ದನ್ನು ಕ್ಯಾನ್‌ಪ್ಲೇಯರ್ ಮತ್ತೆ ಬಸ್ಸಿಗೆ ನುಡಿಸಬಲ್ಲದು. ಹೇಳಿದವರು ಯಾರು ಅಂತ ಕೇಳುವವರಿಲ್ಲದ್ದರಿಂದ, ಎದುರಿನ ಪೆಟ್ಟಿಗೆ ಎಷ್ಟೋ ಸಲ ಅದನ್ನು ನಂಬಿಯೂಬಿಡುತ್ತೆ. (ಓಡೋ ಕಾರಿನಲ್ಲಿ ದಯವಿಟ್ಟು ಬೇಡ. ಕಲಿಯೋಕೆ ವಿಕ್ಯಾನ್ ಅನ್ನೋ ಹುಸಿ ಬಸ್ ಲಿನಕ್ಸಿನಲ್ಲೇ ಇದೆ.)

ಈ ನಂಬಿಕೆಯ ಬೆಲೆ ಗೊತ್ತಾಗಿದ್ದು ತಡವಾಗಿ. 2010ರಲ್ಲಿ ವಾಷಿಂಗ್ಟನ್ ಮತ್ತು ಸ್ಯಾನ್ ಡಿಯೇಗೋದ ವಿಶ್ವವಿದ್ಯಾಲಯಗಳ ಸಂಶೋಧಕರು ಬಸ್ಸಿಗೆ ಸಂದೇಶ ಕಳಿಸಿ, ಚಾಲಕ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದ ಹಾಗೆ ಮಾಡಿ ತೋರಿಸಿದರು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಮೊಬೈಲ್ ನೆಟ್‌ವರ್ಕ್ ಮೂಲಕ ದೂರದಿಂದಲೇ ಜೀಪ್ ಚೆರೋಕಿಯ ಒಳಹೊಕ್ಕರು. ಕ್ರೈಸ್ಲರ್ 14 ಲಕ್ಷ ವಾಹನ ವಾಪಸ್ ಕರೆಯಬೇಕಾಯಿತು.

ಆಮೇಲೆ ಕಂಪನಿಗಳು ಬಸ್ಸಿನ ಬಾಗಿಲಿಗೆ ಗೇಟ್‌ವೇ ಅನ್ನೋ ಕಾವಲು ಇಡೋದು ಹೆಚ್ಚಾಯಿತು. ಬೇಕಾದದ್ದೇ. ಆದರೆ ಕಾವಲಿನವನು ಕಳ್ಳನನ್ನೂ ತಡೀತಾನೆ, ಬೀದಿಕೊನೆಯ ಗ್ಯಾರೇಜಿನ ಮೆಕ್ಯಾನಿಕ್ಕನ್ನೂ ತಡೀತಾನೆ. 2020ರ ನವೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ, ಕಾರಿನ ಮಾಹಿತಿ ಹೊರಗಿನ ರಿಪೇರಿಯವರಿಗೂ ಸಿಗಬೇಕು ಅಂತ ಮತ ಹಾಕಿದರು. ಕಾರು ಕಂಪನಿಗಳು ಸುರಕ್ಷತೆಯ ಕಾರಣ ಕೊಟ್ಟು ಕೋರ್ಟಿಗೆ ಹೋದವು.

ನನಗನ್ನಿಸೋದು ಇಷ್ಟು. ಬೇರೆಯವರ ಹೆಸರಲ್ಲಿ ಮಾತಾಡೋದನ್ನ ತಡೀಬೇಕು, ಅದಕ್ಕೆ ಸಂದೇಶಕ್ಕೊಂದು ಸಹಿ ಬೇಕು. ಆದರೆ ದುಡ್ಡು ಕೊಟ್ಟು ಕೊಂಡವನು ತನ್ನ ಕಾರು ಏನು ಹೇಳ್ತಿದೆ ಅಂತ ಕೇಳಿಸಿಕೊಳ್ಳೋದನ್ನೂ ತಡೀಬೇಕಾ? ಜೀಪಿನ ತೂತು ಹೊರಗೆ ಬಿದ್ದಿದ್ದೂ ಕಂಪನಿಯ ಹೊರಗಿನ ಇಬ್ಬರು ಕಿವಿಗೊಟ್ಟು ಕೂತಿದ್ದರಿಂದಲೇ. ನೀವೇನಂತೀರಿ?