ಮೆಟ್ಟಿಲಿಲ್ಲದ ಕಡೆಯ ಮೆಟ್ಟು

ಕನ್ನಡದ ‘ಮೆಟ್ಟು’ ವಿಚಿತ್ರ ಪದ. ತುಳಿಯುವುದೂ ಮೆಟ್ಟು, ತುಳಿಯಲು ಕಾಲಿಗೆ ಹಾಕಿಕೊಳ್ಳುವುದೂ ಮೆಟ್ಟು. ಮೆಟ್ಟಿಲು ಅದರ ಹತ್ತಿರದ ನೆಂಟ. ಬಂಡೆ ಏರುವವರ ಬೂಟಿನ ಇತಿಹಾಸ ಓದುವಾಗ ಈ ನೆಂಟಸ್ತಿಕೆ ಮತ್ತೆ ಮತ್ತೆ ನೆನಪಾಯಿತು. ಮೆಟ್ಟಿಲೇ ಇಲ್ಲದ ಕಡೆ ಮೆಟ್ಟಿಲು ಹುಟ್ಟಿಸುವುದು ಆ ಬೂಟಿನ ಕೆಲಸ.

ಮೊದಲು ಇದ್ದದ್ದು ಮೊಳೆ. ಆಲ್ಪ್ಸ್ ಏರುವವರು ದಪ್ಪ ಚರ್ಮದ ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆಸಿಕೊಳ್ಳುತ್ತಿದ್ದರು. ಉಡದ ಪಟ್ಟು ಎನ್ನುತ್ತೇವಲ್ಲ, ಉಡವೂ ಹಿಡಿಯುವುದು ಉಗುರಿನಿಂದಲೇ. ಹಿಮದಲ್ಲಿ ಮೊಳೆ ಕಚ್ಚುತ್ತದೆ, ನುಣುಪು ಬಂಡೆಯ ಮೇಲೆ ಜಾರುತ್ತದೆ. ಹಾಗಾಗಿ ಬಂಡೆ ಬಂದಾಗ ಬೂಟು ಕಳಚಿ ತೆಳು ಅಟ್ಟೆಯ ಬಟ್ಟೆ ಜೋಡು ಹಾಕಿಕೊಳ್ಳುವವರಿದ್ದರು. ಅದು ಚಳಿ ತಡೆಯುತ್ತಿರಲಿಲ್ಲ. 1935ರಲ್ಲಿ ಇಟಲಿ–ಸ್ವಿಟ್ಜರ್ಲೆಂಡ್ ಗಡಿಯ ಪುಂಟಾ ರಾಸಿಕಾ ಶಿಖರದಲ್ಲಿ 6 ಮಂದಿ ಸತ್ತರು. ಅವರೆಲ್ಲ ವಿತಾಲೆ ಬ್ರಮಾನಿಯ ಗೆಳೆಯರು. ಆ ಸಾವುಗಳಲ್ಲಿ ಕಾಲಿನ ಜೋಡಿನ ಪಾಲೂ ಇತ್ತೆಂದು ನಂಬಿದ ಬ್ರಮಾನಿ 1937ರಲ್ಲಿ ಆಳ ಗೀರುಗಳ ರಬ್ಬರ್ ಅಟ್ಟೆ ತಂದ. ‘ವಿಬ್ರಾಮ್’ ಎಂಬುದು ಅವನ ಹೆಸರಿನದೇ ತುಂಡು.

ಅದೇ ದಶಕದಲ್ಲಿ ಪ್ಯಾರಿಸ್ ಹತ್ತಿರದ ಫೊಂಟೇನ್‌ಬ್ಲೋ ಕಾಡಿನಲ್ಲಿ ಪಿಯರ್ ಅಲೆನ್ ಬೇರೆ ದಾರಿ ಹಿಡಿದ. ಅಲ್ಲಿ ಹಿಮವಿಲ್ಲ, ಮರಳುಗಲ್ಲಿನ ಗುಂಡುಗಳಷ್ಟೇ. ಅವನ ಜೋಡಿನ ರಬ್ಬರಿಗೆ ಗೀರೇ ಇಲ್ಲ, ಪೂರಾ ನುಣುಪು. ನುಣುಪಾದಷ್ಟೂ ಕಲ್ಲಿಗೆ ತಾಗುವ ಜಾಗ ಹೆಚ್ಚು. ನನ್ನ ಮಟ್ಟಿಗೆ ನಿಜವಾದ ತಿರುವು ಇದೇ. 1980ರ ದಶಕದ ಆರಂಭದಲ್ಲಿ ಸ್ಪೇನಿನ ಬೊರಿಯಾಲ್ ಕಂಪನಿಯ ‘ಫಿರೇ’ ಇನ್ನೂ ಮೆತ್ತಗಿನ, ಅಂಟುವ ರಬ್ಬರ್ ತಂದಿತು. ಒತ್ತಿದರೆ ಅದು ಕಲ್ಲಿನ ಹರಳುಗಳ ಸಂದಿಗೆ ಇಳಿದು ಕೂರುತ್ತದೆ.

ಆಮೇಲೆ ಬದಲಾದದ್ದು ಪಾದದ ಆಕಾರ. ಹಿಮ್ಮಡಿಯ ಸುತ್ತ ಬಿಗಿಯಾಗಿ ಎಳೆದ ರಬ್ಬರ್ ಪಟ್ಟಿ ಬೆರಳುಗಳನ್ನು ಮುಂದಕ್ಕೆ ದೂಡುತ್ತದೆ. ಬೆರಳುಗಳು ಮಡಚಿ ಹೆಬ್ಬೆರಳಿನ ತುದಿಗೆ ಬಲ ಸೇರುತ್ತದೆ. ತುದಿ ಗಿಣಿಯ ಕೊಕ್ಕಿನಂತೆ ಕೆಳಗೆ ಬಾಗಿರುತ್ತದೆ.

ನಾನಿರುವ ಸೂರತ್‌ನ ಅಡಾಜಣ್ ತಾಪಿ ದಡದ ಸಪಾಟು ಬಡಾವಣೆ. ಬಂಡೆ ಏರುವುದನ್ನು ಕಲಿಸಲು ಗುಜರಾತ್ ಸರ್ಕಾರ ನಡೆಸುವ ಸ್ವಾಮಿ ವಿವೇಕಾನಂದ ಪರ್ವತಾರೋಹಣ ಸಂಸ್ಥೆಯೂ ಇರುವುದು ರಾಜಸ್ಥಾನದ ಮೌಂಟ್ ಅಬುವಿನಲ್ಲಿ. ಕರ್ನಾಟಕಕ್ಕೆ ಆ ಬಡತನವಿಲ್ಲ. ಹಂಪಿಯ ಗ್ರಾನೈಟ್ ಗುಂಡುಗಳನ್ನು ಕ್ರಿಸ್ ಶರ್ಮಾ ಏರಿದ ‘ಪಿಲ್‌ಗ್ರಿಮೇಜ್’ ಚಿತ್ರ 2003ರಲ್ಲಿ ಬಂತು. ಅಲ್ಲಿನ ಇಳಿಜಾರು ಬಂಡೆಗಳಿಗೆ ಅಲೆನ್‌ನ ಪಾಠ ಸಾಕು: ಚಪ್ಪಟೆ, ಮೆತ್ತಗಿನ ಅಟ್ಟೆ, ಕಲ್ಲಿನ ಮೇಲೆ ಭರವಸೆ. ಬಾದಾಮಿಯ ಕೆಂಪು ಮರಳುಗಲ್ಲು ಹಾಗಲ್ಲ. ಗೋಡೆ ಎಷ್ಟೋ ಕಡೆ ತಲೆಯ ಮೇಲೆ ಬಾಗಿದೆ. ‘ಗಣೇಶ’ ಎಂಬ ಕಠಿಣ ಮಾರ್ಗದಂಥ ಕಡೆ ಕಾಲು ಮೆಟ್ಟಿದರೆ ಸಾಲದು; ಸಣ್ಣ ಅಂಚಿಗೆ ಕೊಕ್ಕು ಸಿಕ್ಕಿಸಿ ಮೈಯನ್ನು ಗೋಡೆಯತ್ತ ಎಳೆದುಕೊಳ್ಳಬೇಕು. ಅದಕ್ಕಾಗಿ ಪಾದಕ್ಕಿಂತ ಚಿಕ್ಕ ಅಳತೆಯ ಬೂಟಿನೊಳಗೆ ಬೆರಳು ತುರುಕುತ್ತಾರೆ. ಇಳಿದ ಕೂಡಲೇ ಬಹಳ ಮಂದಿ ಮಾಡುವ ಮೊದಲ ಕೆಲಸ, ಬೂಟು ಕಿತ್ತು ಚಪ್ಪಲಿ ಮೆಟ್ಟುವುದು.