ಶಂಕು ಪರೀಕ್ಷೆ ಮತ್ತು ಮೃದು ಮಣ್ಣು: ಒಂದು ಚಾರಿತ್ರಿಕ ಅವಲೋಕನ

ನಿರ್ಮಾಣಗಳ ಚರಿತ್ರೆಯಲ್ಲಿ ಕಣ್ಣಿಗೆ ಕಾಣುವ ಸೇತುವೆ, ಗೋಪುರ, ಅಣೆಕಟ್ಟುಗಳಿಗೆ ಸಂದಿರುವ ಗಮನ ಅವುಗಳನ್ನು ಹೊತ್ತ ಮಣ್ಣಿಗೆ ಸಂದಿಲ್ಲ. ಮಣ್ಣು ಚರಿತ್ರೆಯ ಪುಟಗಳಿಗೆ ಬಂದದ್ದು ಬಹುಮಟ್ಟಿಗೆ ಅದು ಕುಸಿದಾಗ. 1918ರ ಸೆಪ್ಟೆಂಬರ್ 13ರಂದು ನೆದರ್ಲೆಂಡ್ಸ್‌ನ ವೇಸ್ಪ್ ಬಳಿ, ಮಳೆಯ ನೀರು ಕುಡಿದಿದ್ದ ರೈಲು ದಿಬ್ಬವು ಜಾರಿ 41 ಪ್ರಯಾಣಿಕರು ಮಡಿದರು. ಮೂರು ವಾರ ಕಳೆಯುವುದರೊಳಗೆ, ಅಕ್ಟೋಬರ್ 1ರಂದು, ಸ್ವೀಡನ್ನಿನ ಯೇಟೋ ಎಂಬಲ್ಲಿಯೂ ರೈಲು ದಿಬ್ಬವೊಂದು ಕುಸಿದು ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮೃದು ಮಣ್ಣಿನ ಬಲವನ್ನು ಮುಂಚಿತವಾಗಿ ತಿಳಿಯುವ ಪ್ರಯತ್ನಕ್ಕೆ ಇಂತಹ ದುರಂತಗಳು ನೀಡಿದ ಒತ್ತಾಸೆ ದೊಡ್ಡದು.

ಸ್ವೀಡನ್ನಿನಲ್ಲಿ ರೈಲ್ವೆ ಇಲಾಖೆಯು 1914ರಲ್ಲಿಯೇ ವೋಲ್ಮಾರ್ ಫೆಲ್ಲೇನಿಯಸ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ರಚಿಸಿತ್ತು. 1922ರಲ್ಲಿ ಅಂತಿಮ ವರದಿ ಸಲ್ಲಿಸಿದ ಈ ಆಯೋಗವು, ಸರಳಿನ ಮೇಲೆ ತೂಕ ಹೇರಿ ತಿರುಗಿಸುತ್ತ ನೆಲದ ಆಳವನ್ನು ಶೋಧಿಸುವ ವಿಧಾನವನ್ನು ವ್ಯವಸ್ಥಿತಗೊಳಿಸಿತು. ನೆದರ್ಲೆಂಡ್ಸ್‌ನ ಸಮಸ್ಯೆ ತುಸು ಭಿನ್ನ. ಅಲ್ಲಿನ ಪಶ್ಚಿಮ ಭಾಗದಲ್ಲಿ ಜೇಡಿ ಮತ್ತು ಪೀಟ್ ಎಂಬ ಅರೆಕೊಳೆತ ಸಸ್ಯಮಣ್ಣಿನ ದಪ್ಪ ಪದರಗಳ ಕೆಳಗೆ ಗಟ್ಟಿ ಮರಳು ಸಿಗುತ್ತದೆ. ಮರಳು ಎಷ್ಟು ಆಳದಲ್ಲಿದೆ, ಅದರ ಮೇಲಿನ ಪದರಗಳು ಎಷ್ಟು ದುರ್ಬಲ ಎಂಬುದೇ ಅಲ್ಲಿನ ಪ್ರತಿ ಅಡಿಪಾಯದ ಮೊದಲ ಪ್ರಶ್ನೆ. ಮೃದು ಜೇಡಿಯ ಮಾದರಿಯನ್ನು ಹೊರತೆಗೆಯುವಾಗಲೇ ಅದರ ರಚನೆ ಕದಡುವುದರಿಂದ, ಮಣ್ಣನ್ನು ಅದಿರುವಲ್ಲಿಯೇ ಪರೀಕ್ಷಿಸುವುದು ಅಗತ್ಯವಾಗಿತ್ತು.

ಈ ಪ್ರಶ್ನೆಗೆ ಸರಳ ಉತ್ತರವೊಂದನ್ನು 1932ರಲ್ಲಿ ನೀಡಿದವರು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಪಿ. ಬಾರೆಂಟ್ಸೆನ್. ಒಳವ್ಯಾಸ 19 ಮಿ.ಮೀ. ಇರುವ ಗ್ಯಾಸ್ ಕೊಳವೆ, ಅದರೊಳಗೆ ಚಲಿಸುವ 15 ಮಿ.ಮೀ. ವ್ಯಾಸದ ಉಕ್ಕಿನ ಸರಳು, ತುದಿಯಲ್ಲಿ 60 ಡಿಗ್ರಿ ಕೋನದ, 10 ಚದರ ಸೆಂ.ಮೀ. ವಿಸ್ತಾರದ ಶಂಕು ಇವಿಷ್ಟೇ ಅವರ ಸಾಧನ. ಕೈಬಲದಿಂದ ಅದನ್ನು ಸುಮಾರು 10ರಿಂದ 12 ಮೀಟರ್ ಆಳದವರೆಗೆ ಒತ್ತಬಹುದಾಗಿತ್ತು. 1934ರಲ್ಲಿ ಡೆಲ್ಫ್ಟ್‌ನಲ್ಲಿ ಮಣ್ಣಿನ ಯಂತ್ರಶಾಸ್ತ್ರದ ಪ್ರಯೋಗಾಲಯ ಸ್ಥಾಪನೆಯಾಯಿತು. ಮರುವರ್ಷವೇ ಅದರ ನಿರ್ದೇಶಕ ಟಿ.ಕೆ. ಹಾಯ್ಜಿಂಗಾ 10 ಟನ್ ಸಾಮರ್ಥ್ಯದ ಒತ್ತುಯಂತ್ರವನ್ನು ರೂಪಿಸಿದರು. ಬಾರೆಂಟ್ಸೆನ್ ಆರಿಸಿಕೊಂಡ ಕೋನ ಮತ್ತು ವಿಸ್ತಾರಗಳು ಇಂದಿಗೂ ಅಂತರರಾಷ್ಟ್ರೀಯ ಮಾನಕಗಳಲ್ಲಿ ಉಳಿದಿವೆ.

ಆದರೆ ಶಂಕುವಿನ ಮುಂದಿನ ಚರಿತ್ರೆಯು ಅದರ ದೋಷಗಳನ್ನು ಒಂದೊಂದಾಗಿ ಕಳೆದ ಚರಿತ್ರೆ. ಗಟ್ಟಿ ಮರಳಿನಲ್ಲಿ ಗಣನೆಗೆ ಬಾರದ ಅಲ್ಪ ದೋಷವೂ ಮೃದು ಜೇಡಿಯಲ್ಲಿ ಅಳತೆಯನ್ನೇ ನುಂಗಿಬಿಡಬಲ್ಲದು. ಕೊಳವೆಗೂ ಸರಳಿಗೂ ನಡುವೆ ಮಣ್ಣು ಹೊಕ್ಕು ಪ್ರತಿರೋಧವನ್ನು ಹೆಚ್ಚಿಸಿ ತೋರಿಸುತ್ತಿದ್ದುದನ್ನು ತಡೆಯಲು ವರ್ಮೈಡೆನ್ ಮತ್ತು ಪ್ಲಾಂಟೆಮಾ 1948ರಲ್ಲಿ ಶಂಕುವಿನ ಮೇಲ್ಭಾಗಕ್ಕೆ ಓರೆಯಾದ ಕವಚವನ್ನು ಸೇರಿಸಿದರು. 1953ರಲ್ಲಿ ಬೇಗೆಮಾನ್ ಶಂಕುವಿನ ಹಿಂದೆ ಪ್ರತ್ಯೇಕ ಘರ್ಷಣ ಕವಚವನ್ನು ಅಳವಡಿಸಿ, ತುದಿಯ ಪ್ರತಿರೋಧ ಮತ್ತು ಪಕ್ಕದ ಘರ್ಷಣೆಗಳನ್ನು ಬೇರ್ಪಡಿಸಿದರು. ಇವೆರಡರ ಅನುಪಾತವು ಮರಳಿನಲ್ಲಿ ಕಡಿಮೆ, ಜೇಡಿಯಲ್ಲಿ ಹೆಚ್ಚು, ಪೀಟ್‌ನಲ್ಲಿ ಇನ್ನೂ ಹೆಚ್ಚು. ಹೀಗೆ ಮಾದರಿ ತೆಗೆಯದೆಯೇ ಮಣ್ಣಿನ ಬಗೆಯನ್ನು ಊಹಿಸುವ ದಾರಿ ತೆರೆಯಿತು.

ಮೃದು ಮಣ್ಣಿನ ನಡವಳಿಕೆಯಲ್ಲಿ ನೀರಿನ ಪಾತ್ರ ಮಾತ್ರ ಇನ್ನೂ ಅಳತೆಗೆ ಸಿಕ್ಕಿರಲಿಲ್ಲ. ನೀರು ತುಂಬಿದ ಮಣ್ಣಿನಲ್ಲಿ ಭಾರವನ್ನು ಕಣಗಳೂ ನೀರೂ ಹಂಚಿಕೊಳ್ಳುತ್ತವೆ ಎಂಬ ತತ್ತ್ವವನ್ನು ಕಾರ್ಲ್ ಟೆರ್ಜಾಘಿ 1920ರ ದಶಕದಲ್ಲಿಯೇ ಪ್ರತಿಪಾದಿಸಿದ್ದರು. ಒತ್ತುತ್ತಿರುವ ಮೊನೆಯ ಬಳಿಯ ನೀರಿನ ಒತ್ತಡವನ್ನು ಅಳೆಯುವ ಸಾಧನಗಳು ಬಂದದ್ದು 1970ರ ದಶಕದಲ್ಲಿ. 1975ರಲ್ಲಿ ಸ್ವೀಡನ್ನಿನ ಟೋರ್ಸ್ಟೆನ್ಸನ್ ಮತ್ತು ಅಮೆರಿಕದಲ್ಲಿ ವಿಸ್ಸಾ ಹಾಗೂ ಸಂಗಡಿಗರು ಇಂತಹ ಸಾಧನಗಳನ್ನು ಪ್ರಕಟಿಸಿದರು. ಇವುಗಳ ಮುಂದುವರಿಕೆಯೇ ಪೀಜೋಕೋನ್. ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ಇಳಿಯುವ ಶಂಕುವನ್ನು ಜೇಡಿಯಲ್ಲಿ ನಿಲ್ಲಿಸಿ, ಏರಿದ ಒತ್ತಡ ಇಳಿಯಲು ಹಿಡಿಯುವ ಕಾಲವನ್ನು ಗಮನಿಸಿದರೆ, ದಿಬ್ಬದ ಅಡಿಯ ಮಣ್ಣು ಎಷ್ಟು ನಿಧಾನವಾಗಿ ನೀರು ಬಸಿದು ಕುಗ್ಗೀತು ಎಂಬುದನ್ನು ಅಂದಾಜಿಸಬಹುದು. ಶಂಕುವಿನ ಹಿಂಬದಿಯ ಸಂದಿನಲ್ಲಿ ಒತ್ತುವ ನೀರು ತುದಿಯ ಪ್ರತಿರೋಧವನ್ನು ಕಡಿಮೆ ಮಾಡಿ ತೋರಿಸುತ್ತದೆ ಎಂಬುದೂ ಈ ಸಾಧನದಿಂದಲೇ ಸ್ಪಷ್ಟವಾಗಿ, ಅದಕ್ಕೆ ತಿದ್ದುಪಡಿ ಬಳಕೆಗೆ ಬಂದಿತು.

ಇಷ್ಟಾದರೂ ಶಂಕು ನೇರವಾಗಿ ಮಣ್ಣಿನ ಬಲವನ್ನು ಅಳೆಯುವುದಿಲ್ಲ. ಅದು ಅಳೆಯುವುದು ತನಗೆದುರಾದ ಪ್ರತಿರೋಧವನ್ನು. ತಿದ್ದಿದ ಪ್ರತಿರೋಧದಿಂದ ಮೇಲಿನ ಮಣ್ಣಿನ ಭಾರದ ಒತ್ತಡವನ್ನು ಕಳೆದು, ಬಂದುದನ್ನು ಒಂದು ಗುಣಾಂಕದಿಂದ ಭಾಗಿಸಿದಾಗ ಮಾತ್ರ, ನೀರು ಬಸಿಯಲು ಕಾಲಾವಕಾಶವಿಲ್ಲದಾಗ ಜೇಡಿಗೆ ಇರುವ ಜಾರುನಿರೋಧ ಬಲ ದೊರೆಯುತ್ತದೆ. ಈ ಗುಣಾಂಕ ಸಾಮಾನ್ಯವಾಗಿ 10ರಿಂದ 18ರವರೆಗೆ ಬದಲಾಗುತ್ತದೆ. 18 ಇರಬೇಕಾದಲ್ಲಿ 10 ಎಂದು ಹಿಡಿದರೆ ಬಲವು 1.8 ಪಟ್ಟು ಹೆಚ್ಚಾಗಿ ಕಾಣುತ್ತದೆ. ಆ ಲೆಕ್ಕದಲ್ಲಿ 1.5ರ ಸುರಕ್ಷತಾಂಶವುಳ್ಳ ದಿಬ್ಬದ ನಿಜವಾದ ಸುರಕ್ಷತಾಂಶ ಸುಮಾರು 0.83, ಅಂದರೆ ಅದು ನಿಲ್ಲಲಾರದು. ಆದುದರಿಂದ ಆಯಾ ಸ್ಥಳದ ಗುಣಾಂಕವನ್ನು ವೇನ್ ಪರೀಕ್ಷೆ ಅಥವಾ ಉತ್ತಮ ಮಾದರಿಗಳ ಪ್ರಯೋಗಾಲಯ ಪರೀಕ್ಷೆಯೊಂದಿಗೆ ಹೋಲಿಸಿಯೇ ನಿರ್ಧರಿಸಬೇಕಾಗುತ್ತದೆ.

ಭಾರತದಲ್ಲಿ ಸ್ಥಿರ ಶಂಕು ಪರೀಕ್ಷೆಯ ವಿಧಾನವನ್ನು ಐಎಸ್ 4968ರ ಮೂರನೆಯ ಭಾಗವಾಗಿ 1976ರಲ್ಲಿ ಮಾನಕೀಕರಿಸಲಾಯಿತು. ವಿಧಾನ ಏಕರೂಪವಾದರೂ ಮಣ್ಣು ಏಕರೂಪವಲ್ಲ. ಡೆಲ್ಫ್ಟ್‌ನ ಜೇಡಿಗೆ ಹೊಂದಿದ ಗುಣಾಂಕವು ಕರ್ನಾಟಕ ಕರಾವಳಿಯ ಅಳಿವೆಗಳ ಕೆಸರುಜೇಡಿಗೆ ಹೊಂದಲೇಬೇಕೆಂದಿಲ್ಲ. ಕನ್ನಡದಲ್ಲಿ ಕಟ್ಟಡದ ಆರಂಭಕ್ಕೆ ಶಂಕುಸ್ಥಾಪನೆ ಎಂಬ ಹೆಸರಿದೆ. ಮೃದು ನೆಲದಲ್ಲಿ ಆ ಶಂಕುವಿಗಿಂತ ಮೊದಲು ಈ ಶಂಕು ಇಳಿಯಬೇಕು. ಅದು ಕೊಟ್ಟ ಅಂಕಿಯನ್ನು ಆ ನೆಲದ ಸಾಕ್ಷ್ಯದೊಡನೆಯೇ ಓದಬೇಕು ಎಂಬುದು ಈ ಚರಿತ್ರೆಯಿಂದ ಸಿದ್ಧವಾಗುವ ನಿಲುವು.